ಆಡುವವರೇ ಮೈದಾನ ಕಾಯಬೇಕು



ಸುಗ್ಗಿ ಮುಗಿದು ಹೊಲಗಳು ಬಯಲಾದವೆಂದರೆ ನಮ್ಮ ಹನುಮಸಾಗರ ಸೀಮೆಯಲ್ಲಿ ಆಟದ ಹಂಗಾಮು ಶುರುವಾಗುತ್ತದೆ. ಜಾತ್ರೆಗೆ ಕಬಡ್ಡಿ, ಉರುಸಿಗೆ ಕುಸ್ತಿ, ಬೇಸಿಗೆ ರಜೆಗೆ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮಾತ್ರವಲ್ಲ, ಪಕ್ಕದ ಗಜೇಂದ್ರಗಡ, ಇಳಕಲ್ಲಿನಿಂದಲೂ ತಂಡಗಳು ಬರುತ್ತವೆ. ಇದೆಲ್ಲ ನಡೆಯುವುದು ಊರಿನ ಯುವಕ ಸಂಘಗಳ ಬಲದಿಂದ. ಹುಡುಗರೇ ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಾರೆ, ಅಂಗಳ ಹದ ಮಾಡುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ, ಬಂದ ತಂಡಗಳಿಗೆ ಊಟ ವಸತಿ ನೋಡಿಕೊಳ್ಳುತ್ತಾರೆ. ಸಂಬಳವಿಲ್ಲದೆ, ಹೆಸರಿನ ಹಂಬಲವೂ ಹೆಚ್ಚಿಲ್ಲದೆ ಇಷ್ಟು ಜನ ಒಟ್ಟಾಗಿ ದುಡಿಯುವ ಇನ್ನೊಂದು ಸಂಸ್ಥೆ ಹಳ್ಳಿಯಲ್ಲಿ ಸಿಗುವುದು ಕಷ್ಟ.

ಈ ಸಂಘಗಳ ಮುಂದೆ ಇವತ್ತು ನಾನೊಂದು ಕೋರಿಕೆ ಇಡಬೇಕೆಂದಿದ್ದೇನೆ. ಆಡುವ ಮೈದಾನವನ್ನು ಕಾಯುವ ಹೊಣೆಯನ್ನೂ ನೀವೇ ಹೊರಬೇಕು. ಕಾಯುವುದೆಂದರೆ ಒತ್ತುವರಿಯಿಂದ ಕಾಯುವುದು ಒಂದು. ಅದರ ಮಣ್ಣು, ಹುಲ್ಲು, ನೀರು, ಅಲ್ಲಿ ಬದುಕುವ ಹಕ್ಕಿ ಹುಳುಗಳನ್ನು ಕಾಯುವುದು ಇನ್ನೊಂದು. ಈ ಎರಡನೆಯದರ ಬಗ್ಗೆಯೇ ಇಂದಿನ ನನ್ನ ಮಾತು ಹೆಚ್ಚು.

ಪರಿಸರ ಎಂದ ಕೂಡಲೇ ನಮಗೆ ಪಶ್ಚಿಮ ಘಟ್ಟದ ಕಾಡು, ಅಲ್ಲಿಯ ಹುಲಿ ಆನೆ ಕಣ್ಣ ಮುಂದೆ ಬರುತ್ತವೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಮ್ಮ ಬಯಲುಸೀಮೆಯಲ್ಲಿ ಕಾಯುವಂಥದ್ದು ಏನಿದೆ ಎಂದು ಕೇಳುವವರು ಬಹಳ. ಆದರೆ ನಮ್ಮ ಕೊಪ್ಪಳ ಜಿಲ್ಲೆಯನ್ನೇ ಒಮ್ಮೆ ನೋಡಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಗುಡ್ಡ ಈಗ ತೋಳಗಳ ವನ್ಯಧಾಮ. ಕರ್ನಾಟಕದಲ್ಲಿ ತೋಳಕ್ಕೆಂದೇ ಮೀಸಲಾದ ಮೊದಲ ಧಾಮ ಅದು. 2025ರಲ್ಲಿ ಅಲ್ಲಿ ಎಂಟು ತೋಳದ ಮರಿಗಳು ಹುಟ್ಟಿದ ಸುದ್ದಿ ನಾಡೆಲ್ಲ ಹರಡಿತು. ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಲ್ಲಿ ಕೃಷ್ಣಮೃಗದ ಹಿಂಡುಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ತೋಳಕ್ಕೂ ಕೃಷ್ಣಮೃಗಕ್ಕೂ ಬೇಕಾದದ್ದು ದಟ್ಟ ಕಾಡಲ್ಲ. ಅವಕ್ಕೆ ಬೇಕಾದದ್ದು ತೆರೆದ ಬಯಲು, ಹುಲ್ಲು, ಅಲ್ಲಲ್ಲಿ ಪೊದೆ. ದಾಖಲೆಯಲ್ಲಿ ಬಂಜರು ಎಂದು ಬರೆದಿಟ್ಟ ನೆಲವೇ ಅವುಗಳ ಮನೆ.

ಆ ಬಯಲು ದಿನೇದಿನೇ ಕರಗುತ್ತಿದೆ. ಗೋಮಾಳ ಬಡಾವಣೆಯಾಯಿತು, ಹಳ್ಳದ ದಂಡೆ ಹೊಲವಾಯಿತು, ಗುಡ್ಡ ಗ್ರಾನೈಟ್ ಗಣಿಯಾಯಿತು. ಎಷ್ಟೋ ಊರುಗಳಲ್ಲಿ ಈಗ ಎಲ್ಲರಿಗೂ ಸೇರಿದ, ತೆರೆದ ನೆಲ ಎಂದು ಉಳಿದಿರುವುದು ಸ್ಮಶಾನ, ಕೆರೆಯಂಗಳ ಮತ್ತು ಆಟದ ಮೈದಾನ. ಇವುಗಳಲ್ಲಿ ದಿನಾ ಹತ್ತಿಪ್ಪತ್ತು ಹುಡುಗರ ಕಾಲು ಓಡಾಡುವುದು, ಕಣ್ಣು ಇರುವುದು ಮೈದಾನದಲ್ಲಿ ಮಾತ್ರ. ಅದಕ್ಕೇ ಕ್ರೀಡಾ ಸಂಘದ ಮೇಲೆ ನನಗೆ ಇಷ್ಟು ಭರವಸೆ.

ಮೈದಾನದಲ್ಲಿ ಯಾವ ಜೀವ ಇರುತ್ತದೆ ಎನ್ನುತ್ತೀರಾ? ಏಪ್ರಿಲ್, ಮೇ ತಿಂಗಳಲ್ಲಿ ಬೌಂಡರಿ ಗೆರೆಯ ಆಚೆ, ಗರಸು ನೆಲದ ಕಡೆ ನಿಧಾನ ನಡೆದು ನೋಡಿ. ಟಿಟ್ಟಿಭ ಹಕ್ಕಿ ಅಲ್ಲಿ ಮೊಟ್ಟೆ ಇಟ್ಟಿರುತ್ತದೆ. ಗೂಡು ಎನ್ನುವಂಥದ್ದೇನೂ ಇಲ್ಲ. ನೆಲದಲ್ಲಿ ಬೊಗಸೆಯಷ್ಟು ತಗ್ಗು, ಸುತ್ತ ನಾಲ್ಕಾರು ಹರಳು, ಒಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆಯ ಮೇಲೆ ಕಂದು ಕಪ್ಪು ಮಚ್ಚೆ. ಹರಳು ಯಾವುದು, ಮೊಟ್ಟೆ ಯಾವುದು ಎಂದು ಎರಡು ಹೆಜ್ಜೆ ದೂರದಿಂದಲೂ ತಿಳಿಯದು. ನೀವು ಹತ್ತಿರ ಹೋದಿರೋ, ತಾಯಿ ತಂದೆ ಎರಡೂ ತಲೆಯ ಮೇಲೆ ಹಾರಾಡುತ್ತ ಅರಚಾಡುತ್ತವೆ. ನಡುಮಧ್ಯಾಹ್ನ ನೆಲ ಕಾದಾಗ ಅವು ನೀರಿರುವಲ್ಲಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಒದ್ದೆ ಗರಿಯ ತಂಪಿನಲ್ಲಿ ಮೊಟ್ಟೆ ಉಳಿಯಬೇಕು. ಹೀಗೆ ಸುಮಾರು ಒಂದು ತಿಂಗಳು ಕಾವು ಕೊಟ್ಟ ಮೇಲೆ ಮರಿ. ನಮ್ಮ ಬಿಸಿಲು ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ಅಂಥ ಬಿಸಿಲಲ್ಲಿ ಬಯಲಲ್ಲೇ ಸಂಸಾರ ಮಾಡುವ ಹಕ್ಕಿಗೆ ಮೈದಾನದ ಅಂಚು ದೊಡ್ಡ ಆಸರೆ. ಪುಟ್ಟ ನೆಲಗುಬ್ಬಿಯೂ ಇದೇ ರೀತಿ ನೆಲದಲ್ಲೇ ಗೂಡು ಮಾಡುತ್ತದೆ.

ಟೂರ್ನಿಗೆ ಮುನ್ನ ಮೈದಾನ ಚೊಕ್ಕ ಮಾಡುತ್ತೇವೆಂದು ಅಂಚಿನ ಹುಲ್ಲಿಗೆಲ್ಲ ಬೆಂಕಿ ಹಚ್ಚುವ ರೂಢಿ ಇದೆ. ಕೆಲವೆಡೆ ಕಳೆನಾಶಕ ಹೊಡೆಯುವುದೂ ಉಂಟು. ಆ ಒಂದು ಬೆಂಕಿಗೆ ಮೊಟ್ಟೆ, ಮರಿ, ಓತಿಕ್ಯಾತ, ಜೇಡ, ಇರುವೆ ಎಲ್ಲ ಬೂದಿ. ಹುಲ್ಲನ್ನು ಕೊಯ್ದರೆ ದನಕ್ಕೆ ಮೇವಾಗುತ್ತದೆ, ಸುಟ್ಟರೆ ಯಾರಿಗೂ ಇಲ್ಲ. ಕಳೆನಾಶಕ ಹೊಡೆದ ನೆಲದಲ್ಲಿ ಮರುದಿನ ಕುರಿ ಮೇಯುತ್ತವೆ, ಮಕ್ಕಳು ಬರಿಗಾಲಲ್ಲಿ ಓಡುತ್ತಾರೆ. ಆದ್ದರಿಂದ ಸಂಘಗಳು ಒಂದು ನಿಯಮ ಮಾಡಿಕೊಳ್ಳಲಿ. ಆಡುವ ಅಂಗಳದ ಹುಲ್ಲು ಕೊಯ್ಯಿರಿ, ಸುತ್ತ ಹತ್ತು ಹದಿನೈದು ಅಡಿ ಅಂಚನ್ನು ಹಾಗೇ ಬಿಡಿ, ಬೆಂಕಿ ಮತ್ತು ವಿಷ ಎರಡೂ ಬೇಡ. ಗೂಡು ಕಂಡರೆ ಸುತ್ತ ನಾಲ್ಕು ಕಲ್ಲಿಟ್ಟು ಗುರುತು ಮಾಡಿ. ಚೆಂಡು ಆ ಕಡೆ ಹೋದರೆ ಆಡುವವರಿಗೆ ಗೊತ್ತಾಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನು ಗಿಡ ನೆಡುವ ವಿಷಯ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಎಲ್ಲ ಕಡೆಯೂ ನಡೆಯುತ್ತದೆ. ಕ್ರಿಕೆಟ್ ಮಂಡಳಿಯು 2023ರ ಐಪಿಎಲ್ ಪ್ಲೇಆಫ್ ಪಂದ್ಯಗಳಲ್ಲಿ ರನ್ ಬಾರದ ಪ್ರತಿ ಎಸೆತಕ್ಕೂ 500 ಸಸಿ ಎಂದು ಘೋಷಿಸಿತ್ತು. ಕೋಟಿಗಟ್ಟಲೆ ಜನರ ಗಮನ ಸೆಳೆಯಲು ಅದು ಒಳ್ಳೆಯ ದಾರಿ. ಆದರೆ ನಮ್ಮ ಸಂಘಗಳಿಗೆ ಬೇರೆಯದೇ ಲೆಕ್ಕ ಬೇಕು. ಎಷ್ಟು ನೆಟ್ಟಿರಿ ಎಂಬುದನ್ನು ಬಿಡಿ, ಮೂರು ಬೇಸಿಗೆ ದಾಟಿ ಉಳಿದದ್ದು ಎಷ್ಟು ಎಂದು ಕೇಳಿಕೊಳ್ಳಿ. ಇಪ್ಪತ್ತು ಸಸಿ ನೆಟ್ಟು, ಇಪ್ಪತ್ತು ಆಟಗಾರರಿಗೆ ಒಂದೊಂದರ ಹೊಣೆ ಕೊಟ್ಟು, ಸುತ್ತ ಜಾಲಿ ಮುಳ್ಳು ಕಟ್ಟಿ ಕುರಿ ಮೇಕೆಯಿಂದ ಉಳಿಸಿಕೊಂಡರೆ ಅದು ನಿಜವಾದ ಸಾಧನೆ.

ಯಾವ ಗಿಡ, ಎಲ್ಲಿ ಎಂಬುದೂ ಮುಖ್ಯ. ಮೈದಾನದ ನಡುವೆ ಬೇಡ, ಬಯಲು ಬಯಲಾಗಿಯೇ ಇರಲಿ. ಪ್ರೇಕ್ಷಕರು ಕೂರುವ ಬದಿಗೆ ಬೇವು, ಹೊಂಗೆ, ಹುಣಸೆ. ಜಾಗ ಹೆಚ್ಚಿದ್ದರೆ ಮೂಲೆಯಲ್ಲಿ ಒಂದು ಆಲ, ಒಂದು ಅತ್ತಿ. ಬೇವಿನ ಹಣ್ಣಿಗೆ, ಅತ್ತಿ ಹಣ್ಣಿಗೆ ಕೋಗಿಲೆ, ಪಿಕಳಾರ ಬರುತ್ತವೆ. ಬೇಲಿಗೆ ಕವಳಿ, ಬಾರಿ, ತಂಗಡಿ ಹಾಕಿ. ಕವಳಿ ಹಣ್ಣು, ಬಾರಿ ಹಣ್ಣು ಆಡುವ ಮಕ್ಕಳಿಗೂ ಬೇಕು, ಹಕ್ಕಿಗಳಿಗೂ ಬೇಕು. ತಂಗಡಿ ಎಲೆ ತಿಂದು ಬೆಳೆಯುವ ಹುಳುಗಳೇ ಮುಂದೆ ಮಳೆಗಾಲದ ಬಿಳಿ, ತಿಳಿಹಳದಿ ಚಿಟ್ಟೆಗಳಾಗುತ್ತವೆ. ಬೇಗ ಹಸಿರು ಕಾಣಲಿ ಎಂದು ಕೋನೋಕಾರ್ಪಸ್ ನೆಡುವ ಚಾಳಿ ಪಟ್ಟಣಗಳಿಂದ ಹಳ್ಳಿಗೂ ಬಂದಿದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನಮ್ಮ ಹಕ್ಕಿಗಳ ಹೊಟ್ಟೆ ತುಂಬಿಸದ ಹಸಿರು ನಮ್ಮ ಮೈದಾನಕ್ಕೆ ಬೇಡ. ಬಳ್ಳಾರಿ ಜಾಲಿ ತಾನಾಗಿ ಬಂದು ನೆಲ ನುಂಗುತ್ತಿದ್ದರೆ ಅದನ್ನು ಬೇರು ಸಮೇತ ಕೀಳುವುದು ಸಂಘದ ಒಳ್ಳೆಯ ಶ್ರಮದಾನ.

ಈಗ ನೀರಿನ ಲೆಕ್ಕ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಅದರ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ 24 ಲಕ್ಷ ಲೀಟರಿಗೂ ಹೆಚ್ಚು ನೀರು. ಮೂರು ಎಕರೆ ಮೈದಾನಕ್ಕೆ ವರ್ಷಕ್ಕೆ 72 ಲಕ್ಷ ಲೀಟರ್ ದಾಟುತ್ತದೆ. ಇಷ್ಟು ನೀರು ರೋಲರ್ ಎಳೆದು ಗಟ್ಟಿಯಾದ ನೆಲದಿಂದ ಜಾರಿ, ಮಣ್ಣು ಕೊಚ್ಚಿಕೊಂಡು ಗಟಾರಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ಅದೇ ಮೈದಾನಕ್ಕೆ ನೀರು ಹೊಡೆಯಲು ಟ್ಯಾಂಕರ್ ತರಿಸುತ್ತೇವೆ. ಇಳಿಜಾರಿನ ಬದಿಗೆ ಒಂದು ಬದು ಹಾಕಿ, ಒಂದೆರಡು ಇಂಗುಗುಂಡಿ ತೋಡಿದರೆ ಆ ನೀರಿನಲ್ಲಿ ಒಂದು ಪಾಲಾದರೂ ನೆಲಕ್ಕೆ ಇಳಿಯುತ್ತದೆ. ಪಕ್ಕದ ಶಾಲೆಯ ಚಾವಣಿ 100 ಚದರ ಮೀಟರ್ ಇದ್ದರೂ ಅದರ ಮೇಲೆ ವರ್ಷಕ್ಕೆ 60,000 ಲೀಟರ್ ಮಳೆ ಸುರಿಯುತ್ತದೆ. ಗಿಡಗಳ ಮೂರು ಬೇಸಿಗೆಗೆ ತೊಟ್ಟಿ ಕಟ್ಟಿ ಅದನ್ನು ಹಿಡಿದಿಟ್ಟುಕೊಳ್ಳಬಹುದು. ನರೇಗಾ ಯೋಜನೆಯಲ್ಲಿ ರಾಜ್ಯದ ಅನೇಕ ಶಾಲೆಗಳ ಆಟದ ಅಂಗಳ, ಕಾಂಪೌಂಡು, ಮಳೆನೀರು ಕೊಯ್ಲಿನ ಕಾಮಗಾರಿ ಆಗಿವೆ. ಗ್ರಾಮಸಭೆಯಲ್ಲಿ ಕೇಳುವವರು ಇದ್ದಲ್ಲಿ ಕೆಲಸ ಆಗಿದೆ.

ದೊಡ್ಡವರು ಹೇಗೆ ಮಾಡುತ್ತಾರೆ ಎಂಬುದಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಇದೆ. 2015ರಲ್ಲಿ ಅದರ ಚಾವಣಿಯ ಮೇಲೆ 400 ಕಿಲೋವಾಟ್ ಸೌರಫಲಕಗಳನ್ನು ಹಾಕಿದರು. ಮಳೆನೀರು ಕೊಯ್ಲು, ಕೊಳಚೆ ನೀರಿನ ಶುದ್ಧೀಕರಣ ಘಟಕವೂ ಅಲ್ಲಿವೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಕುಡಿಯುವ ನೀರಿಗೆ ಪರದಾಡಿದಾಗ, ಐಪಿಎಲ್ ಪಂದ್ಯಗಳಿಗೆ ಮೈದಾನ ಹಸಿರಾಗಿಡಲು ಕಾವೇರಿ ನೀರು ಬಳಸದೆ ಶುದ್ಧೀಕರಿಸಿದ ಬಳಕೆ ನೀರನ್ನು ಕೊಟ್ಟರು. ಕುಡಿಯುವ ನೀರು ಆಟಕ್ಕೆ ಹೋಗಬಾರದು ಎಂಬ ಆ ತತ್ವ ಹನುಮಸಾಗರಕ್ಕೂ ಅಷ್ಟೇ ಸರಿ. ನಮ್ಮಲ್ಲಿ ಬೇಸಿಗೆ ಬಂದರೆ ಕೊಡದ ಸಾಲು ಎಲ್ಲಿಂದ ಎಲ್ಲಿಗೆ ನಿಲ್ಲುತ್ತದೆಂದು ಪ್ರತಿ ಮನೆಯ ಹೆಣ್ಣುಮಕ್ಕಳಿಗೂ ಗೊತ್ತು.

ಜನ ಒಂದಾದರೆ ಏನಾಗುತ್ತದೆಂದು ತಿಳಿಯಲು ಬೆಂಗಳೂರಿಗೆ ಹೋಗಬೇಕಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಹರಿವನ್ನು ಜನರಿಂದಲೇ ಸ್ವಚ್ಛ ಮಾಡಿಸಿದರು. ಅದೇ ಹೊತ್ತಿನಲ್ಲಿ ಕುಷ್ಟಗಿ ಹತ್ತಿರದ ನಿಡಶೇಸಿ ಕೆರೆಯ ಹೂಳನ್ನೂ ಜನ ಸೇರಿ ತೆಗೆದರು. ಇಂಥ ಕೆಲಸಕ್ಕೆ ಹಣ ಬೇಕು ನಿಜ, ಅದಕ್ಕಿಂತ ಮೊದಲು ಕೈಗಳು ಬೇಕು. ಕ್ರೀಡಾ ಸಂಘದಲ್ಲಿ ಕೈಗಳಿಗೆ ಬರವಿಲ್ಲ.

ಟೂರ್ನಿ ಮುಗಿದ ಮರುದಿನ ಬೆಳಗ್ಗೆ ಮೈದಾನ ಹೇಗಿರುತ್ತದೆ ಎಂಬುದನ್ನೂ ಮರೆಯಬಾರದು. ನೀರಿನ ಪೌಚುಗಳು, ಚಹಾದ ಪ್ಲಾಸ್ಟಿಕ್ ಲೋಟಗಳು, ಗುಟ್ಕಾ ಚೀಟಿ, ಗಾಳಿಗೆ ಹರಿದು ಬೇಲಿಗೆ ಸಿಕ್ಕಿಕೊಂಡ ಫ್ಲೆಕ್ಸ್. ಉಪ್ಪಿನ ರುಚಿ, ಅನ್ನದ ವಾಸನೆ ಇರುವ ಪ್ಲಾಸ್ಟಿಕ್ಕನ್ನು ಆಕಳು ತಿನ್ನುತ್ತದೆ, ಅದು ಹೊಟ್ಟೆಯಲ್ಲೇ ಉಳಿಯುತ್ತದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲೆಲ್ಲ ನಿಷೇಧವಿದೆ. ಕಾನೂನಿನ ಭಯಕ್ಕಿಂತ ನಮ್ಮ ರೂಢಿಯೇ ನಮಗೆ ದಾರಿ ತೋರಿಸಲಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ನಮ್ಮ ಹಿರಿಯರು ಪುಣ್ಯವೆಂದು ಮಾಡುತ್ತ ಬಂದ ಕೆಲಸ. ಟೂರ್ನಿಯ ಜಾಗದಲ್ಲೂ ನೆರಳಿನಲ್ಲಿ ನಾಲ್ಕು ಹರವಿ, ಹತ್ತಿಪ್ಪತ್ತು ಸ್ಟೀಲ್ ಲೋಟ ಇಡಿ. ಊಟಕ್ಕೆ ಮುತ್ತಲ ಎಲೆಯ ಪತ್ರಾವಳಿ ಬರಲಿ. ಫ್ಲೆಕ್ಸ್ ಬದಲು ಬಟ್ಟೆಯ ಮೇಲೆ ಬರೆಸಿ. ಊರಿನಲ್ಲಿ ಅಕ್ಷರ ಬರೆಯುವ ಕೈ ಇನ್ನೂ ಇದ್ದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಬಹುಮಾನದ ಬಗ್ಗೆಯೂ ಒಂದು ಮಾತು. ಹೊಳಪು ಬಳಿದ ಪ್ಲಾಸ್ಟಿಕ್ ಕಪ್ಪು ಎರಡು ವರ್ಷಕ್ಕೆ ಮಂಕಾಗಿ ಅಟ್ಟ ಸೇರುತ್ತದೆ. ನಮ್ಮ ಜಿಲ್ಲೆಯ ಕಿನ್ನಾಳದಲ್ಲಿ ತಲೆತಲಾಂತರದಿಂದ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಮಾಡುತ್ತಾರೆ. ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿಸಿ ಮೆತ್ತಿ ಬಣ್ಣ ಹಚ್ಚುವ ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಗೆದ್ದ ತಂಡಕ್ಕೆ ಒಂದು ಕಿನ್ನಾಳ ಗೊಂಬೆ ಕೊಟ್ಟರೆ ಅದು ಮನೆಯ ದೇವರ ಜಗಲಿ ಪಕ್ಕದಲ್ಲಿ ಉಳಿಯುತ್ತದೆ, ಕುಶಲಕರ್ಮಿಯ ಮನೆಯ ಒಲೆಯೂ ಉರಿಯುತ್ತದೆ.

ರಾತ್ರಿಯ ಆಟಕ್ಕೆ ಬರೋಣ. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ನೋಡುವ ಸೊಗಸು ನನಗೂ ಪ್ರಿಯ. ಬಿಸಿಲ ನಾಡಿಗೆ ರಾತ್ರಿ ಆಟವೇ ಸರಿ. ಆದರೆ ಆಕಾಶಕ್ಕೆ ಮುಖ ಮಾಡಿದ ದೀಪಕ್ಕೆ ಸುತ್ತಲಿನ ಹೊಲದ ಪತಂಗ, ಜೀರುಂಡೆಗಳೆಲ್ಲ ಬಂದು ಸಾಯುತ್ತವೆ. ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಹುಳುಗಳೂ ಅವುಗಳಲ್ಲಿರುತ್ತವೆ. ದೀಪದ ಮೇಲೆ ತಗಡಿನ ಮರೆ ಕಟ್ಟಿ ಬೆಳಕು ಅಂಗಳಕ್ಕೆ ಮಾತ್ರ ಬೀಳುವಂತೆ ಮಾಡಿ, ಆಟ ಮುಗಿದ ಕೂಡಲೇ ಆರಿಸಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದೆಂಬ ನಿಯಮವಿದೆ. ಪರೀಕ್ಷೆಗೆ ಓದುವ ಮಕ್ಕಳಿಗೂ ಗಿಡದಲ್ಲಿ ಕೂತ ಹಕ್ಕಿಗೂ ಅದು ಒಂದೇ ಉಪಕಾರ.

ಇದೆಲ್ಲ ಹೊರದೇಶದಿಂದ ಬಂದ ಹೊಸ ಫ್ಯಾಷನ್ ಎಂದು ಯಾರಾದರೂ ಅಂದರೆ, ಅವರನ್ನು ನಮ್ಮ ಗರಡಿ ಮನೆಗೆ ಕರೆದೊಯ್ಯಿರಿ. ಅಖಾಡಕ್ಕೆ ಕೆಮ್ಮಣ್ಣು ತಂದು, ಜರಡಿ ಹಿಡಿದು, ಅರಿಶಿನ, ಮಜ್ಜಿಗೆ, ನಿಂಬೆರಸ, ಎಣ್ಣೆ ಹಾಕಿ ಹದ ಮಾಡುತ್ತಾರೆ. ಪೈಲ್ವಾನ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ, ಹಣಮಪ್ಪನ ಪಟಕ್ಕೆ ಕೈ ಮುಗಿಯುತ್ತಾನೆ, ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾನೆ. ಸಲಿಕೆ ಹಿಡಿದು ಅಖಾಡ ಅಗೆದು ಸಡಿಲ ಮಾಡುವವನೂ ಅವನೇ. ಮಣ್ಣು ಒಣಗಿದರೆ ನೀರು ಚಿಮುಕಿಸುವವನೂ ಅವನೇ. ಅಲ್ಲಿ ಉಗುಳುವಂತಿಲ್ಲ, ಕಸ ಹಾಕುವಂತಿಲ್ಲ. ಆಡುವವನೇ ಆಟದ ನೆಲವನ್ನು ಸಾಕಬೇಕು ಎಂಬ ಶಿಸ್ತು ನಮ್ಮ ನೆಲದಲ್ಲಿ ಎಂದಿನಿಂದಲೂ ಇದೆ. ಕುಸ್ತಿಯ ಅಖಾಡಕ್ಕೆ ಇದ್ದ ಆ ಮರ್ಯಾದೆ ಕ್ರಿಕೆಟ್ ಮೈದಾನಕ್ಕೂ ಸಿಗಬೇಕು.

ಜಗತ್ತೂ ಈಗ ಅದೇ ಮಾತಿಗೆ ಬರುತ್ತಿದೆ. ಇಂಗ್ಲೆಂಡಿನ ನೇಲ್ಸ್‌ವರ್ತ್ ಎಂಬ ಸಣ್ಣ ಪಟ್ಟಣದಲ್ಲಿ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ಫುಟ್‌ಬಾಲ್ ಕ್ಲಬ್ ಇದೆ. ರಾಸಾಯನಿಕ ಕೀಟನಾಶಕ ಹಾಕದೆ ಹುಲ್ಲು ಬೆಳೆಸುವುದು, ಮೈದಾನದ ಮಳೆನೀರನ್ನು ಹಿಡಿದು ಮತ್ತೆ ಮೈದಾನಕ್ಕೇ ಬಳಸುವುದು, ಸೌರವಿದ್ಯುತ್ ಅಲ್ಲಿಯ ಪದ್ಧತಿ. 2018ರಲ್ಲಿ ವಿಶ್ವಸಂಸ್ಥೆ ಅದನ್ನು ಜಗತ್ತಿನ ಮೊದಲ ಇಂಗಾಲ ತಟಸ್ಥ ಫುಟ್‌ಬಾಲ್ ಕ್ಲಬ್ ಎಂದು ಗುರುತಿಸಿತು. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನ ಜೀವವೈವಿಧ್ಯ ಸಮ್ಮೇಳನದಲ್ಲಿ ಕ್ರೀಡಾ ಸಂಸ್ಥೆಗಳಿಗಾಗಿಯೇ ಒಂದು ಒಪ್ಪಂದ ಮುಂದೆ ಬಂತು. ನಿಸರ್ಗಕ್ಕೆ ಕೇಡು ಮಾಡಬೇಡಿ, ಹಾಳಾದದ್ದನ್ನು ಸರಿಪಡಿಸಿ, ಕೊಳ್ಳುವ ಸಾಮಾನು ಎಲ್ಲಿಂದ ಬರುತ್ತದೆಂದು ನೋಡಿ, ಅಭಿಮಾನಿಗಳಿಗೂ ತಿಳಿಸಿ ಎಂಬುದು ಅದರ ಸಾರ. ಯುರೋಪಿನಲ್ಲಿ ಕೃತಕ ಹುಲ್ಲಿನ ಅಂಗಳಕ್ಕೆ ಸುರಿಯುವ ರಬ್ಬರ್ ಪ್ಲಾಸ್ಟಿಕ್ ಹರಳುಗಳ ಮಾರಾಟ 2031ರಿಂದ ನಿಲ್ಲಲಿದೆ. ನಮ್ಮ ಪಟ್ಟಣಗಳಲ್ಲಿ ಅದೇ ಕೃತಕ ಹುಲ್ಲಿಗೆ ಈಗ ಆಸೆ ಪಡುತ್ತಿದ್ದೇವೆ. ಬಿಸಿಲಿಗೆ ಕೆಂಡವಾಗುವ ಆ ಹಾಸು ಬಯಲುಸೀಮೆಯ ಮಕ್ಕಳ ಪಾದಕ್ಕೆ ತಕ್ಕದ್ದಲ್ಲ.

ಎಲ್ಲಿಂದ ಶುರು ಮಾಡಬೇಕು? ಮೊದಲು ಮೈದಾನದ ಪಹಣಿ ತೆಗೆಸಿ ನೋಡಿ. ಅದು ಯಾರ ಹೆಸರಲ್ಲಿದೆ, ಎಷ್ಟು ಎಕರೆ ಎಂದು ತಿಳಿದುಕೊಂಡು ಅಳತೆ ಮಾಡಿಸಿ ಗಡಿ ಕಲ್ಲು ಹಾಕಿಸಿ. ಎರಡನೆಯದು, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಹಕ್ಕಿ, ಪ್ರಾಣಿ, ನಾಟಿ ತಳಿಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯುವುದು ಅದರ ಕೆಲಸ. ಸಂಘದ ಹುಡುಗರು, ಹುಡುಗಿಯರು ಆ ಸಮಿತಿಗೆ ಹೋಗಿ, ನಮ್ಮ ಮೈದಾನದಲ್ಲಿ ಇಂತಿಂಥ ಜೀವಗಳಿವೆ ಎಂದು ಬರೆಯಿಸಿ. ಕುರಿ ಕಾಯುವ ಅಜ್ಜನನ್ನು ಜೊತೆಗೆ ಕರೆದೊಯ್ಯಿರಿ, ಹೆಸರುಗಳೆಲ್ಲ ಅವರ ನಾಲಗೆಯ ಮೇಲಿವೆ. ಮೂರನೆಯದು, ಮುಂದಿನ ಟೂರ್ನಿಯ ಕರಪತ್ರದಲ್ಲಿ ಪ್ರವೇಶ ಶುಲ್ಕ, ಬಹುಮಾನದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಪ್ಲಾಸ್ಟಿಕ್ ತರಬಾರದು, ಮೈದಾನ ಸ್ವಚ್ಛ ಬಿಟ್ಟು ಹೋಗುವ ತಂಡಕ್ಕೂ ಬಹುಮಾನವಿದೆ.

ಯುವ ಮಿತ್ರರೆ, ಮೈದಾನ ನಿಮ್ಮ ಪ್ರಾಯದ ನಾಲ್ಕು ವರ್ಷಕ್ಕೆ ಮಾತ್ರ ಸೇರಿದ್ದಲ್ಲ. ನಿಮ್ಮ ತಮ್ಮಂದಿರು, ತಂಗಿಯರು ಆಡಬೇಕು, ನಾಳೆ ನಿಮ್ಮ ಮಕ್ಕಳು ಆಡಬೇಕು. ಅಲ್ಲಿಯ ಹಕ್ಕಿಗಳಿಗೆ ಬೇರೆ ಊರಿಲ್ಲ. ಈ ಭಾನುವಾರ ಆಟಕ್ಕೆ ಮುನ್ನ ಅರ್ಧ ಗಂಟೆ ಎಲ್ಲರೂ ಮೈದಾನದ ಅಂಚಿನಲ್ಲಿ ಒಂದು ಸುತ್ತು ನಡೆಯಿರಿ. ಏನು ಉಳಿದಿದೆ, ಏನು ಹಾಳಾಗಿದೆ ನೋಡಿ, ಸಂಘದ ನಡವಳಿ ಪುಸ್ತಕದಲ್ಲಿ ಬರೆಯಿರಿ, ಒಂದು ಕೆಲಸವನ್ನು ಅಂದೇ ಹಂಚಿಕೊಳ್ಳಿ. ಮುಂದಿನ ಗ್ರಾಮಸಭೆಗೆ ಆ ಪುಸ್ತಕ ಹಿಡಿದು ಹೋಗಿ.